ದೇವರಾಜ ಅರಸರೂ ಮತದಾರರ ಪಕ್ಷನಿಷ್ಠೆಯೂ

1980ರ ಜನವರಿ ಮೊದಲ ವಾರದಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 27 ಸ್ಥಾನಗಳು ಶ್ರೀಮತಿ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಸಂದುವು. ಉಳಿದೊಂದು ಸ್ಥಾನವಾದ ಬೆಂಗಳೂರು ದಕ್ಷಿಣವು ಜನತಾ ಪಕ್ಷದ ಪಾಲಾಯಿತು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರ ಪಕ್ಷಕ್ಕೆ ಇಲ್ಲಿ ಒಂದು ಸ್ಥಾನವೂ ದೊರೆಯಲಿಲ್ಲ. ಇದಕ್ಕೆ ಇಪ್ಪತ್ತೆರಡು ತಿಂಗಳ ಹಿಂದೆ, 1978ರ ಫೆಬ್ರವರಿಯಲ್ಲಿ, ಇದೇ ಅರಸರ ಮುಂದಾಳುತನದಲ್ಲಿ ಇಂದಿರಾ ಕಾಂಗ್ರೆಸ್ಸು ವಿಧಾನಸಭೆಯ 224 ಸ್ಥಾನಗಳಲ್ಲಿ 149ನ್ನು ಗೆದ್ದಿತ್ತು. ಇಷ್ಟು ಅಲ್ಪಕಾಲದಲ್ಲಿ ಇಷ್ಟು ದೊಡ್ಡ ಬೆಂಬಲವು ಕರಗಿಹೋದ ಉದಾಹರಣೆಗಳು ನಮ್ಮ ರಾಜ್ಯದ ಇತಿಹಾಸದಲ್ಲಿ ವಿರಳ.

ಈ ಪ್ರಸಂಗವನ್ನು ಕುರಿತು ಬಹುಕಾಲದಿಂದ ಕೇಳಿಬರುತ್ತಿರುವ ಮಾತೊಂದುಂಟು: ಉಳುವವನಿಗೆ ಹೊಲ ಕೊಡಿಸಿದವರನ್ನು, ಹಿಂದುಳಿದವರಿಗೆ ಸ್ಥಾನ ದೊರಕಿಸಿದವರನ್ನು, ಆ ಜನರೇ ಕೈಬಿಟ್ಟರು, ಮತದಾರನು ಕೃತಘ್ನನು. ಅರಸರ ಅಭಿಮಾನಿಗಳು ಇದನ್ನು ನೋವಿನಿಂದ ಆಡುತ್ತಾರೆ. ವಿರೋಧಿಗಳು, ಅವರ ಸುಧಾರಣೆಗಳು ಜನರನ್ನು ಮುಟ್ಟಿರಲೇ ಇಲ್ಲವೆಂಬುದಕ್ಕೆ ಇದೇ ಸಾಕ್ಷಿಯೆನ್ನುತ್ತಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲವೆಂಬುದು ನಮ್ಮ ಎಣಿಕೆ. ಜನಬೆಂಬಲವೆಂಬ ಒಂದೇ ಶಬ್ದದಿಂದ ನಾವು ಮೂರು ಬೇರೆ ಬೇರೆ ವಸ್ತುಗಳನ್ನು ಸೂಚಿಸುತ್ತಿದ್ದೇವೆ: ಶಾಸಕರ ಬೆಂಬಲ, ಸುಧಾರಣೆಗಳ ಫಲವನ್ನುಂಡವರ ಕೃತಜ್ಞತೆ, ಮತ್ತು ಮತದಾರರ ಪಕ್ಷನಿಷ್ಠೆ. ಇವು ಮೂರೂ ಒಂದೇ ದಿಕ್ಕಿನಲ್ಲಿ ಹರಿಯುತ್ತಿರುವವರೆಗೆ ಒಂದನ್ನೊಂದು ಬೇರ್ಪಡಿಸಿ ನೋಡುವುದು ಸಾಧ್ಯವಾಗುವುದಿಲ್ಲ. 1979ರಲ್ಲಿ ಅವು ಬೇರೆಯಾದುವು. ಆಗ ಪ್ರತಿಯೊಂದರ ಬಲವೆಷ್ಟೆಂಬುದು ಹೊರಬಿದ್ದಿತು.

ವಿಷಯವನ್ನು ಅರಿಯಲು ಹತ್ತು ವರ್ಷ ಹಿಂದಕ್ಕೆ ಹೋಗುವುದು ಅವಶ್ಯ. 1956ರ ನವೆಂಬರಿನಲ್ಲಿ ವಿಶಾಲ ಮೈಸೂರು ರಾಜ್ಯವು ಉದಯವಾದಂದಿನಿಂದ ಎಸ್. ನಿಜಲಿಂಗಪ್ಪ, ಬಿ. ಡಿ. ಜತ್ತಿ, ಎಸ್. ಆರ್. ಕಂಠಿ, ವೀರೇಂದ್ರ ಪಾಟೀಲ ಇವರುಗಳು ಮುಖ್ಯಮಂತ್ರಿಗಳಾಗಿದ್ದರು. ಎಲ್ಲರೂ ಕಾಂಗ್ರೆಸ್ಸಿಗರು, ಎಲ್ಲರೂ ಲಿಂಗಾಯತ ಸಮಾಜಕ್ಕೆ ಸೇರಿದವರು. 1969ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸು ಒಡೆದಾಗ ನಿಜಲಿಂಗಪ್ಪನವರೇ ಅದರ ಅಧ್ಯಕ್ಷರಾಗಿದ್ದರು. ರಾಜ್ಯದ ಸರ್ಕಾರವೂ ಶಾಸಕರಲ್ಲಿ ಬಹುಪಾಲೂ ಅವರ ಸಂಸ್ಥಾ ಕಾಂಗ್ರೆಸ್ಸಿನೊಡನೆ ನಿಂತುವು. ಇಂದಿರಾ ಪಕ್ಷದ ಕೆಲಸವನ್ನು ಇಲ್ಲಿ ವಹಿಸಿಕೊಂಡವರು ಹುಣಸೂರಿನ ದೇವರಾಜ ಅರಸರು. ಸಂಖ್ಯಾಬಲವಿಲ್ಲದ ಅರಸು ಜನಾಂಗಕ್ಕೆ ಸೇರಿದ ಅವರ ಬೆನ್ನಿಗೆ ದೊಡ್ಡ ಸಮುದಾಯವಾವುದೂ ಇರಲಿಲ್ಲ.

ಆದರೂ 1971ರ ಮಾರ್ಚಿಯಲ್ಲಿ ಲೋಕಸಭೆಗೆ ಚುನಾವಣೆ ನಡೆದಾಗ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಪಕ್ಷಕ್ಕೆ ಬಂದುವು. ಇದರ ಬೆನ್ನಲ್ಲೇ ವೀರೇಂದ್ರ ಪಾಟೀಲರ ಪಕ್ಷದ ಶಾಸಕರು ಒಬ್ಬೊಬ್ಬರಾಗಿ ಜಾರಿಕೊಂಡರು; ಮಂತ್ರಿಮಂಡಲವು ಅದೇ ತಿಂಗಳಲ್ಲಿ ಬಿದ್ದಿತು; ರಾಷ್ಟ್ರಪತಿ ಆಳ್ವಿಕೆಯು ಜಾರಿಗೆ ಬಂದಿತು. 1972ರ ವಿಧಾನಸಭಾ ಚುನಾವಣೆಯಲ್ಲಿ 216 ಸ್ಥಾನಗಳ ಪೈಕಿ 165ನ್ನು ಗಳಿಸಿ ಅರಸರ ಪಕ್ಷವು ಅಧಿಕಾರಕ್ಕೆ ಬಂದಿತು. ಆಳುವ ಮುಖ್ಯಮಂತ್ರಿ, ಅವರ ಹಿಂದೆ ಶಾಸಕರ ಬಹುಮತ, ಎದುರಿಗೆ ಇಂದಿರಾ ಗಾಂಧಿಯವರ ಹೆಸರು, ನಡುವೆ ಲೋಕಸಭೆಯ ಚುನಾವಣೆ; ಫಲಿತಾಂಶ ಬಂದೊಡನೆ ಶಾಸಕರ ಪಲಾಯನ. ಈ ಚಿತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. 1980ರಲ್ಲಿ ನಡೆದುದು ಇದೇ. ಅಂದು ಗೆದ್ದವರ ಸ್ಥಾನದಲ್ಲಿದ್ದ ಅರಸರು ಈ ಸಲ ಸೋತವರ ಸ್ಥಾನದಲ್ಲಿದ್ದರು, ಅಷ್ಟೇ.

ಈ ಎರಡು ಚುನಾವಣೆಗಳ ನಡುವಿನ ಎಂಟು ವರ್ಷಗಳಲ್ಲಿ ಅರಸರು ಮಾಡಿದ ಕಾರ್ಯವು ಸಾಮಾನ್ಯವಾದುದಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಶಾಸನವು ಗೇಣಿ ಪದ್ಧತಿಯನ್ನು ಕೊನೆಗೊಳಿಸಿ, ಗೇಣಿದಾರನಿಗೆ ತಾನು ಉಳುತ್ತಿದ್ದ ನೆಲದ ಒಡೆತನವನ್ನು ಕೇಳುವ ಹಕ್ಕನ್ನು ಕೊಟ್ಟಿತು. ಅರ್ಜಿಗಳ ವಿಚಾರಣೆಗೆ ಭೂನ್ಯಾಯಮಂಡಳಿಗಳು ಏರ್ಪಟ್ಟುವು. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು, ಸರ್ಕಾರವು ನೇಮಿಸಿದ ಸ್ಥಳೀಯರು ಸದಸ್ಯರು. ಏಳನೆಯ ನಮೂನೆಯಲ್ಲಿ ಅರ್ಜಿ ಬರೆದುಕೊಟ್ಟ ಒಕ್ಕಲು ಕುಟುಂಬಗಳು ಲಕ್ಷಗಟ್ಟಲೆ. ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗವು 1975ರಲ್ಲಿ ವರದಿಯನ್ನೊಪ್ಪಿಸಿತು. 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿಯ ಆಜ್ಞೆ ಹೊರಟಿತು. ಅಲ್ಲಿಯವರೆಗೆ ವಿಧಾನಸಭೆಯ ಮೆಟ್ಟಿಲು ಹತ್ತದಿದ್ದ ಸಣ್ಣ ಜಾತಿಗಳ ಜನರಿಗೆ ಪಕ್ಷದ ಟಿಕೆಟ್ಟುಗಳು ದೊರೆತುವು. ಇದರಿಂದ ನಷ್ಟಪಟ್ಟವರ ವಿರೋಧವೂ ಸಹಜವಾಗಿಯೇ ಬೆಳೆಯಿತು.

ಅರಸರ ಮೇಲೆ ಭ್ರಷ್ಟಾಚಾರದ ಆಪಾದನೆಗಳೂ ಬಂದುವು. 1977ರಲ್ಲಿ ಕೇಂದ್ರದ ಜನತಾ ಸರ್ಕಾರವು ನ್ಯಾಯಮೂರ್ತಿ ಎ. ಎನ್. ಗ್ರೋವರ್ ಅವರ ಆಯೋಗವನ್ನು ಅವರ ಮೇಲಿನ ಆಪಾದನೆಗಳ ವಿಚಾರಣೆಗೆ ನೇಮಿಸಿತು. ರಾಜ್ಯ ಸರ್ಕಾರವು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು. ಅದೇ ವರ್ಷದ ಕೊನೆಯ ದಿನ ಮಂತ್ರಿಮಂಡಲವು ವಜಾ ಆಯಿತು. ಆಪಾದನೆಗಳಿಂದ ಜನಬೆಂಬಲ ಕುಂದುವುದಾಗಿದ್ದಲ್ಲಿ ಅದು ಕುಂದಬೇಕಾದ ಕಾಲ ಇದೇ ಆಗಿತ್ತು. ಆದರೆ ಎರಡೇ ತಿಂಗಳ ತರುವಾಯ ಬಂದ ಫಲಿತಾಂಶವನ್ನು ಮೇಲೆ ಹೇಳಿದೆವು. ವಿವಾದವು ಅರಸರನ್ನು ಅಲುಗಿಸಲಿಲ್ಲ. ಪಕ್ಷದಿಂದ ಬೇರೆಯಾದುದು ಅಲುಗಿಸಿತು. ನಮ್ಮ ವಾದಕ್ಕೆ ಈ ಅಂಶವು ಮುಖ್ಯವಾದುದು.

ಇನ್ನು, ಪಕ್ಷನಿಷ್ಠೆಯೆಂದರೆ ಯಾವುದರ ಮೇಲಣ ನಿಷ್ಠೆ? ಓದುಬಾರದ ಮತದಾರನು ಗುರುತನ್ನು ನೋಡಿ ಮುದ್ರೆಯೊತ್ತುತ್ತಿದ್ದನು, ಆದುದರಿಂದ ಅವನ ನಿಷ್ಠೆಯು ಗುರುತಿನ ಮೇಲೆ ಎಂದು ಹೇಳುವವರುಂಟು. ನಮ್ಮ ರಾಜ್ಯದ ಅನುಭವವು ಇದನ್ನು ಅಲ್ಲಗಳೆಯುತ್ತದೆ. 1952ರಿಂದ ಕಾಂಗ್ರೆಸ್ಸಿನ ಗುರುತು ಜೋಡೆತ್ತು. ಒಡಕಿನ ತರುವಾಯ 1971ರಲ್ಲಿ ಇಂದಿರಾ ಪಕ್ಷದ ಗುರುತು ಹಸು ಮತ್ತು ಕರು. 1978ರ ಆರಂಭದಲ್ಲಿ ಕಾಂಗ್ರೆಸ್ಸು ಮತ್ತೆ ಒಡೆದಾಗ ಆ ಗುರುತೂ ಅವರಿಗೆ ಉಳಿಯದೆ ಹೊಸದಾಗಿ ಹಸ್ತವು ಬಂದಿತು. ಕೆಲವೇ ವಾರಗಳ ಹಿಂದೆ ಹುಟ್ಟಿದ ಈ ಗುರುತಿಗೆ ಕರ್ನಾಟಕದ ಮತದಾರರು ಬಹುಮತವಿತ್ತರು. ಗುರುತುಗಳು ಎರಡು ಸಲ ಬದಲಾದರೂ ಮತದಾರನು ತಪ್ಪದೆ ಹಿಂಬಾಲಿಸಿದನು. ಆತನು ಹಿಂಬಾಲಿಸಿದುದು ಚಿತ್ರವನ್ನಲ್ಲ. ತನ್ನ ದೃಷ್ಟಿಯಲ್ಲಿ ಯಾವುದು ನಿಜವಾದ ಕಾಂಗ್ರೆಸ್ಸೋ ಅದನ್ನು. ಆ ನಿಜತ್ವವು ಇಂದಿರಾ ಗಾಂಧಿಯವರ ವ್ಯಕ್ತಿತ್ವದಲ್ಲಿ ನೆಲೆಸಿದೆಯೆಂದು ಆತನು ನಂಬಿದ್ದನು.

ಈ ನಂಬಿಕೆಯನ್ನು ಬೆಳೆಸಿದವರಲ್ಲಿ ಅರಸರೂ ಒಬ್ಬರೆಂಬುದನ್ನು ಇಲ್ಲಿ ಹೇಳಬೇಕಾಗಿದೆ. ತಮ್ಮ ಶಾಸನಗಳನ್ನು ಅವರು ಇಂದಿರಾ ಗಾಂಧಿಯವರ ಹೆಸರಿನಲ್ಲಿಯೇ ಜನರ ಮುಂದಿಟ್ಟರು. 1975ರಲ್ಲಿ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಾರಲ್ಪಟ್ಟ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಭೂಮಿತಿ, ಜೀತವಿಮುಕ್ತಿ, ಋಣಪರಿಹಾರ ಮುಂತಾದುವು ಸೇರಿದ್ದುವು. ಹೀಗಾಗಿ ಗ್ರಾಮದ ರೈತನಿಗೆ ಭೂನ್ಯಾಯಮಂಡಳಿಯ ತೀರ್ಪು ಬೆಂಗಳೂರಿನಿಂದ ಬಂದಿತೋ ದೆಹಲಿಯಿಂದ ಬಂದಿತೋ ಎಂಬ ಪ್ರಶ್ನೆಯೇ ಏಳಲಿಲ್ಲ. ಆತನು ಕೃತಜ್ಞನಾಗಿಯೇ ಇದ್ದನು. ಆ ಕೃತಜ್ಞತೆಯು ಸಂದಾಯವಾದುದು ‘ಇಂದಿರಮ್ಮ’ನ ಖಾತೆಗೆ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಅವರೇ ಬಂದು ನಿಂತು, ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದಾಗ ಈ ಸಂಬಂಧವು ಇನ್ನೂ ಗಟ್ಟಿಯಾಯಿತು. ಆ ಚುನಾವಣೆಯ ಭಾರವನ್ನು ಹೊತ್ತವರು ಅರಸರೇ.

ತರುವಾಯ ಏಳು ತಿಂಗಳಲ್ಲಿ ವಿರಸವು ಪರಾಕಾಷ್ಠೆಗೆ ಹೋಯಿತು. ಮುಖ್ಯಮಂತ್ರಿಪದವನ್ನೂ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷಪದವನ್ನೂ ಒಬ್ಬರೇ ಹೊಂದಿರಬಹುದೇ ಎಂಬುದು ಹೊರಗೆ ಕಾಣುತ್ತಿದ್ದ ಕಾರಣ. ಪಕ್ಷದಲ್ಲಿ ಸಂಜಯ ಗಾಂಧಿಯವರ ಪ್ರಾಬಲ್ಯವನ್ನು ಅರಸರು ಒಪ್ಪದಿದ್ದುದು ಒಳಗಿನ ಕಾರಣ. 1979ರ ಜೂನ್ ತಿಂಗಳಲ್ಲಿ ಅವರು ಪಕ್ಷದಿಂದ ಉಚ್ಚಾಟಿತರಾದರು. ಶಾಸಕರಲ್ಲಿ ಬಹುಮಂದಿ ಅವರೊಡನೆ ಉಳಿದರು. ಸರ್ಕಾರಕ್ಕೆ ಭಂಗ ಬರಲಿಲ್ಲ. ಇಂದಿರಾ ವಿರೋಧಿ ಕಾಂಗ್ರೆಸ್ಸು ಅವರನ್ನು ಅಧ್ಯಕ್ಷರನ್ನಾಗಿ ಸ್ವೀಕರಿಸಿತು. ಕಾಂಗ್ರೆಸ್ (ಅರಸು) ಎಂಬ ಹೆಸರು ರೂಢಿಗೆ ಬಂದಿತು. ಶಾಸಕರ ಎಣಿಕೆಯನ್ನು ನೋಡಿ ಅರಸರ ನೆಲೆಯು ಭದ್ರವೆಂದು ಭಾವಿಸಿದವರು ಅನೇಕರು. 1970ರಲ್ಲಿ ವೀರೇಂದ್ರ ಪಾಟೀಲರಿಗೂ ಇಂಥದೇ ಬಹುಮತವಿತ್ತೆಂಬುದನ್ನು ಅವರು ಮರೆತಿದ್ದರು. ಮೇಲಾಗಿ ಅರಸರ ಪಕ್ಷವು ದೆಹಲಿಯಲ್ಲಿ ಚರಣ ಸಿಂಗರ ಅಲ್ಪಾಯು ಮಂತ್ರಿಮಂಡಲದಲ್ಲಿ ಪಾಲುಗೊಂಡಿತು. ಯಶವಂತರಾವ್ ಚವಾಣರು ಅದರಲ್ಲಿ ಉಪಪ್ರಧಾನಿಗಳಾಗಿದ್ದರು. ಲೋಕಸಭೆಯನ್ನೇ ಎದುರಿಸದೆ ಉರುಳಿದ ಆ ಸರ್ಕಾರದ ಅಪಕೀರ್ತಿಯಲ್ಲಿ ಈ ಪಕ್ಷಕ್ಕೂ ಭಾಗ ಬಂದಿತು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳುವುದು ಅಗತ್ಯ. ಒಂದನೆಯದು: 28ರಲ್ಲಿ 27 ಎಂಬ ಅಂಕಿಯು ಜನಾಭಿಪ್ರಾಯದ ತೂಕವನ್ನು ಇದ್ದುದಕ್ಕಿಂತ ಹಿಗ್ಗಿಸಿ ತೋರಿಸುವುದಿಲ್ಲವೆ? ನಿಜ. ಅತಿ ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ, ವಿರೋಧದ ಮತಗಳು ಜನತಾ ಪಕ್ಷಕ್ಕೂ ಅರಸು ಕಾಂಗ್ರೆಸ್ಸಿಗೂ ಹಂಚಿಹೋದಾಗ ಗೆದ್ದ ಪಕ್ಷದ ಸ್ಥಾನಗಳು ಮತಪ್ರಮಾಣವನ್ನು ಬಹುವಾಗಿ ಮೀರುತ್ತವೆ. ಆದರೆ ಆ ಸಲ ಇಂದಿರಾ ಕಾಂಗ್ರೆಸ್ಸು ರಾಜ್ಯದಲ್ಲಿ ಚಲಾಯಿತವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪಡೆದಿತ್ತು. ಮತಗಳ ಹಂಚಿಕೆಯೊಂದೇ ಈ ಫಲಿತಾಂಶಕ್ಕೆ ಕಾರಣವಾಗಲಾರದು.

ಎರಡನೆಯದು: ಅದು ಲೋಕಸಭೆಯ ಚುನಾವಣೆ, ದೆಹಲಿಯನ್ನು ಯಾರು ಆಳಬೇಕೆಂಬುದೇ ಪ್ರಶ್ನೆ, ಅರಸರ ಆಡಳಿತದ ಮೇಲೆ ಜನರು ತೀರ್ಪು ಕೊಟ್ಟರೆಂದು ಹೇಗೆ ಹೇಳುವುದು? ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ನಮ್ಮ ವಾದವನ್ನು ಅದು ಬಲಪಡಿಸುತ್ತದೆ. ಕರ್ನಾಟಕದ ಮತದಾರರು ಎರಡು ಚುನಾವಣೆಗಳನ್ನು ಬೇರೆ ಬೇರೆಯಾಗಿ ನೋಡಬಲ್ಲರೆಂಬುದು ಮುಂದೆ ಸಿದ್ಧವಾಯಿತು. 1984ರ ಡಿಸೆಂಬರಿನಲ್ಲಿ ಅವರು ಕಾಂಗ್ರೆಸ್ಸಿಗೆ ಲೋಕಸಭೆಯ 28ರಲ್ಲಿ 24 ಸ್ಥಾನಗಳನ್ನು ಕೊಟ್ಟು, ಮೂರೇ ತಿಂಗಳಲ್ಲಿ, 1985ರ ಮಾರ್ಚಿಯಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನಗಳನ್ನು ಕೊಟ್ಟರು. 1980ರಲ್ಲಿಯೂ ಮತದಾರರು ಅರಸರನ್ನು ತಿರಸ್ಕರಿಸಲು ಹೊರಟಿರಲಿಲ್ಲ. ಅವರು ಕೇಳಿದ ಪ್ರಶ್ನೆಗೆ ಅರಸರು ಉತ್ತರವಾಗಿರಲಿಲ್ಲ. ಆದರೆ ಶಾಸಕರು ಅದನ್ನು ಹಾಗೆ ಎಣಿಸಲಿಲ್ಲ. ಫಲಿತಾಂಶ ಹೊರಬಿದ್ದೊಡನೆ ಅವರು ಗುಂಪು ಗುಂಪಾಗಿ ಇಂದಿರಾ ಪಕ್ಷಕ್ಕೆ ನಡೆದರು. ಅರಸರು ರಾಜೀನಾಮೆಯಿತ್ತರು. 1980ರ ಜನವರಿ 12ರಂದು ಆರ್. ಗುಂಡೂರಾವ್ ಮುಖ್ಯಮಂತ್ರಿಗಳಾದರು. ವಿಧಾನಸಭೆಗೆ ಚುನಾವಣೆ ನಡೆಯಲಿಲ್ಲ. ಸಭೆಯೂ ಅದೇ, ಸದಸ್ಯರೂ ಅವರೇ, ಸರ್ಕಾರ ಮಾತ್ರ ಬೇರೆ.

ಹಾಗಾದರೆ ಮೊದಲು ಹೇಳಿದ ಮೂರು ಬೆಂಬಲಗಳಲ್ಲಿ ಕೃತಘ್ನವಾದುದು ಯಾವುದು? ಮತದಾರನದಲ್ಲ, ಆತನು 1971ರಿಂದ 1980ರವರೆಗೆ ಒಂದೇ ಹಾದಿಯಲ್ಲಿ ನಡೆದನು, ಹಾದಿ ಬಿಟ್ಟವರು ನಾಯಕರು. ಅರಸರಿಂದಲೇ ಟಿಕೆಟ್ಟು ಪಡೆದು, ಅರಸರಿಂದಲೇ ಗಣ್ಯರೆನಿಸಿ, ಒಂದು ವಾರದೊಳಗೆ ಅವರನ್ನು ತೊರೆದ ಶಾಸಕರ ವಿಷಯದಲ್ಲಿ ಆ ಶಬ್ದವನ್ನು ಬಳಸಬಹುದಾದರೂ, ಅವರಿಗೂ ಈ ಪಾಠವನ್ನು ಕಲಿಸಿದುದು 1971ರ ಮಾರ್ಚಿಯೇ. ಅಂದು ಪಕ್ಷಾಂತರಿಗಳನ್ನು ಸ್ವಾಗತಿಸಿದ ಬಾಗಿಲು ಅರಸರದೇ ಆಗಿತ್ತು.

ಅರಸರ ನಿಜವಾದ ಕೊರತೆಯು ಬೇರೊಂದೆಡೆಯಲ್ಲಿದೆ. ಅವರು ಶಾಸನವನ್ನು ತಂದರು, ನ್ಯಾಯಮಂಡಳಿಗೆ ಸದಸ್ಯರನ್ನು ನೇಮಿಸಿದರು, ಆಜ್ಞೆಗಳನ್ನು ಹೊರಡಿಸಿದರು. ಆದರೆ ನೆಲ ಪಡೆದ ಗೇಣಿದಾರರನ್ನೂ ಸ್ಥಾನ ಪಡೆದ ಹಿಂದುಳಿದವರನ್ನೂ ಕೂಡಿಸಿ, ಊರೂರಿನಲ್ಲಿ ಬೇರುಬಿಟ್ಟ, ದೆಹಲಿಯ ಹಂಗಿಲ್ಲದ ಸಂಸ್ಥೆಯೊಂದನ್ನು ಕಟ್ಟಲಿಲ್ಲ. ಕಟ್ಟುವ ಯತ್ನವು ಕೈಗೂಡಿದುದು ಅಧಿಕಾರ ಹೋದ ತರುವಾಯ, ಕ್ರಾಂತಿರಂಗದ ರೂಪದಲ್ಲಿ. ಅಷ್ಟರಲ್ಲಿ ಕಾಲವು ಮಿಂಚಿತ್ತು. 1982ರ ಜೂನ್ 6ರಂದು ಅವರು ತೀರಿಕೊಂಡರು. ಏಳು ತಿಂಗಳ ನಂತರ, 1983ರ ಜನವರಿಯಲ್ಲಿ, ಜನತಾ ಪಕ್ಷವೂ ಕ್ರಾಂತಿರಂಗವೂ ಜೊತೆಗೂಡಿ ಹೋರಾಡಿದಾಗ ಕಾಂಗ್ರೆಸ್ಸು 82 ಸ್ಥಾನಗಳಿಗಿಳಿದು, ರಾಜ್ಯದಲ್ಲಿ ಮೊದಲನೆಯ ಸಲ ಅಧಿಕಾರವನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಟ್ಟಿತು. ಪಕ್ಷನಿಷ್ಠೆಯು ಶಾಶ್ವತವಲ್ಲ; ಅದನ್ನು ಮತದಾರನು ತನ್ನ ಕಾಲಕ್ಕೆ, ತನ್ನ ಕಾರಣಗಳಿಗಾಗಿ ಬದಲಾಯಿಸುತ್ತಾನೆ, ನಾಯಕನು ಪಕ್ಷ ಬದಲಾಯಿಸಿದ ದಿನವೇ ಅಲ್ಲ.

ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. 1980ರ ಸೋಲಿನಿಂದ ಗೇಣಿಯ ಪದ್ಧತಿಯು ಮರಳಿ ಬರಲಿಲ್ಲ. ಅರಸರಿಗೆ ವಿರುದ್ಧವಾಗಿ ಮತ ಹಾಕಿದ ಒಕ್ಕಲಿಗೂ, ಅವರಿಗೇ ಹಾಕಿದ ಒಕ್ಕಲಿಗೂ, ಪಹಣಿಯಲ್ಲಿ ಬರೆಸಿದ ಹೆಸರು ಹಾಗೆಯೇ ಉಳಿಯಿತು. ನಾಯಕನೊಬ್ಬನ ಬೆಂಬಲವನ್ನು ಮತಪೆಟ್ಟಿಗೆಯಿಂದ ಅಳೆಯಬಹುದು. ಆತನ ಕಾರ್ಯವನ್ನು ಅಳೆಯಬೇಕಾದವರು ಪಹಣಿಯ ಪುಸ್ತಕವನ್ನೂ ತೆರೆದು ನೋಡಬೇಕಾಗುತ್ತದೆ.