ಡಬ್ಬಿ ನಮ್ಮ ಬಳಿಯೇ ಉಳಿಯಿತು

ಅಪ್ಪನದು ವರ್ಗಾವಣೆಯ ನೌಕರಿ. ಹೆಂಚು, ಇಟ್ಟಿಗೆಯ ಮಾಲೂರಲ್ಲಿ ಅಕ್ಷರ ಕಲಿತೆ. ಡಿವಿಜಿ ಹುಟ್ಟಿದ ಮುಳಬಾಗಿಲಿನಲ್ಲಿ ದೋಸೆಯ ರುಚಿ ಹತ್ತುವಷ್ಟರಲ್ಲಿ ಶ್ರೀನಿವಾಸಪುರಕ್ಕೆ ಗಂಟುಮೂಟೆ ಕಟ್ಟಿದೆವು.

ಅಲ್ಲಿ ಏಳನೇ ಕ್ಲಾಸು. ಗೆಳತಿಯರೆಲ್ಲ ತೆಲುಗಿನಲ್ಲಿ ಮಾತಾಡಿ ನಗುತ್ತಿದ್ದರು. ನನಗೆ ಜೋಕೇ ತಿಳಿಯದು. ನನ್ನನ್ನು ನೋಡಿಯೇ ನಗುತ್ತಾರೆಂದು ಮನೆಗೆ ಬಂದು ಅಳುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಅಜ್ಜಿ ಸ್ಟೀಲ್ ಡಬ್ಬಿ ತುಂಬ ಮಾವಿನ ಉಪ್ಪಿನಕಾಯಿ ಕಳಿಸಿದರು. ಖಾಲಿ ಡಬ್ಬಿ ಕೊಡಬಾರದೆಂದು ಅಮ್ಮ ಚಕ್ಕುಲಿ ತುಂಬಿ ನನ್ನ ಕೈಗಿಟ್ಟಳು. 'ಕೂಚೋ' ಅಂದರು ಅಜ್ಜಿ. ಕೂತೆ. ನಾನು ಕಲಿತ ಮೊದಲ ತೆಲುಗು ಅದೇ. ಡಬ್ಬಿ ಮೂರು ವರ್ಷ ಆಚೀಚೆ ಓಡಾಡಿತು. ಅಷ್ಟರಲ್ಲಿ ನಾನೂ ಜೋಕಿಗೆ ನಗತೊಡಗಿದ್ದೆ, ಸ್ವಲ್ಪ ತಡವಾಗಿ. ಮತ್ತೆ ವರ್ಗವಾದಾಗ ಡಬ್ಬಿ ನಮ್ಮಲ್ಲಿತ್ತು. ಅಜ್ಜಿ ವಾಪಸ್ ತೆಗೆದುಕೊಳ್ಳಲಿಲ್ಲ.

ಈಗ ಕೋಲಾರದಲ್ಲಿ ಬಿ.ಇ. ಓದುತ್ತಿದ್ದೇನೆ. ಹಾಸ್ಟೆಲ್‌ಗೆ ಬೀದರಿನ ಹುಡುಗಿಯೊಬ್ಬಳು ಬಂದಿದ್ದಾಳೆ. ನಾವು ತೆಲುಗಿನಲ್ಲಿ ನಗುವಾಗ ಅವಳು ಮೊಬೈಲ್ ನೋಡುತ್ತಾಳೆ. ಕಳೆದ ಭಾನುವಾರ ಮನೆಯಿಂದ ಆ ಡಬ್ಬಿ ತಂದೆ.