ಒಕ್ಕಲಿಗರ ಮನೆ-ಹಿತ್ತಲಗಳ ಸುಧಾರಣೆ

ಒಕ್ಕಲಿಗನ ಮನೆಯು ಕೇವಲ ವಾಸದ ಸ್ಥಳವಲ್ಲ. ಜನ, ದನ, ಕಾಳುಕಡಿ, ಬೀಜ, ಮೇವು ಇವೆಲ್ಲವುಗಳಿಗೂ ಅದೇ ಆಶ್ರಯವು. ಆದಕಾರಣ ಅದರ ಸುಧಾರಣೆಯು ಪಟ್ಟಣದ ಮನೆಯ ಸುಧಾರಣೆಯಂತಲ್ಲ. ಹತ್ತಿಯ ಹಣ ಕೈಸೇರಿದ ವರ್ಷ ತಲಬಾಗಿಲಿಗೆ ಬಣ್ಣ, ಪಡಸಾಲೆಗೆ ಫರಸಿ ಹಾಕಿಸುವವರು ಬಹಳ ಜನ; ಆದರೆ ಹಿತ್ತಲಲ್ಲಿ ಬಚ್ಚಲ ನೀರು ಗೋಡೆಯ ಬುಡಕ್ಕೇ ನಿಂತಿರುತ್ತದೆ. ನಮ್ಮ ಅಭಿಪ್ರಾಯವಿಷ್ಟೇ: ಮೊದಲು ನೀರಿನ ಹಾದಿಯನ್ನು ನಿಶ್ಚಯಿಸತಕ್ಕದ್ದು, ಮಿಕ್ಕ ಕೆಲಸಗಳೆಲ್ಲ ಅದರ ತರುವಾಯ.

ಇದಕ್ಕೆ ಕಾರಣವು ನಮ್ಮ ಸೀಮೆಯ ಮಣ್ಣಿನಲ್ಲಿಯೇ ಇರುವದು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಎರೆಯ ಭೂಮಿಯು ವಿಶೇಷ. ಎರೆಯು ನೀರು ಕುಡಿದು ಉಬ್ಬುವದು, ಒಣಗಿದರೆ ಬಿರಿಯುವದು. ಹಿಂಗಾರಿ ಜೋಳ-ಕಡಲೆಗಳನ್ನು ತೇವದ ಮೇಲೆಯೇ ಬೆಳೆಯಿಸುವ ಈ ಮಣ್ಣು ಗೋಡೆಗಳ ಪಾಲಿಗೆ ವೈರಿ. ಹೊಸದಾಗಿ ಕಟ್ಟುವವರು ಎರೆಯನ್ನು ಬಗೆದು, ಗರಸು ಹತ್ತಿದ ಮೇಲೆಯೇ ತಳಪಾಯ ಹಾಕಬೇಕು. ಹಳೆಯ ಗೋಡೆಗಾದರೋ ನೀರನ್ನು ದೂರವಿಡುವದೇ ಔಷಧವು. ದೊಡ್ಡ ಮರಗಳನ್ನೂ ಗೋಡೆಯ ಹತ್ತಿರ ನೆಡಬಾರದು. ಅವುಗಳ ಬೇರು ತೇವವನ್ನು ಹೀರಿ ನೆಲವನ್ನು ಕುಗ್ಗಿಸುವದು. ಪಶ್ಚಿಮಕ್ಕಿರುವ ಕಿತ್ತೂರಿನ ಕಡೆಗೆ ಮಳೆ ಹೆಚ್ಚು. ಅಲ್ಲಿ ಮಾಡಿನ ಅಂಚು, ಹರಿನಾಲೆಗಳಿಗೆ ಮೊದಲ ಗಮನ ಬೇಕು. ಪೂರ್ವಕ್ಕೆ ರಾಮದುರ್ಗದತ್ತ ಹೋದಂತೆ ಮಳೆ ಕಡಿಮೆ. ಅಲ್ಲಿ ಮಾಳಿಗೆಯ ನೀರನ್ನು ತೊಟ್ಟಿಯಲ್ಲಿ ಕೂಡಿಡುವದು ಲೇಸು.

ಹೊಳೆಯ ದಂಡೆಯವರಿಗೆ ಇನ್ನೊಂದು ಎಚ್ಚರಿಕೆಯುಂಟು. ೨೦೧೯ನೆಯ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಬಂದಾಗ ರಾಮದುರ್ಗದ ಕಡೆಯಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದವು. ಅಂಥಲ್ಲಿ ಬೀಜದ ಚೀಲಗಳಿಗೂ ವಿದ್ಯುತ್ತಿನ ಮೀಟರಿಗೂ ಎತ್ತರದ ಸ್ಥಾನವನ್ನು ಕಲ್ಪಿಸುವದು ಬಣ್ಣಕ್ಕಿಂತ ಮೊದಲಿನ ಕೆಲಸವು.

ಇನ್ನು ಯೋಜನೆಯ ಕ್ರಮ. ಮಳೆಗಾಲದಲ್ಲಿ ಏನನ್ನೂ ಕಟ್ಟದೆ ನೋಡುತ್ತಿರಬೇಕು. ನೀರು ಎಲ್ಲಿಂದ ಹರಿಯುವದು, ಎಲ್ಲಿ ನಿಲ್ಲುವದು, ಮಾಳಿಗೆಯು ಎಲ್ಲಿ ಸೋರುವದು ಎಂಬುದನ್ನು ಒಂದು ಹಾಳೆಯ ಮೇಲೆ ಗುರುತಿಸಿಕೊಳ್ಳಬೇಕು. ಹತ್ತಿ ಬಿಡಿಸುವ, ಜೋಳ ಕೊಯ್ಯುವ, ಕಬ್ಬು ಕಡಿಯುವ ದಿನಗಳಲ್ಲಿ ಕೈಗಳು ಬಿಡುವಾಗವು. ಯುಗಾದಿಯಿಂದ ಮುಂಗಾರಿನವರೆಗಿನ ಅವಧಿಯೇ ಕೆಲಸಕ್ಕೆ ತಕ್ಕದ್ದು. ಆದರೆ ಆಗ ನೀರಿನ ಅಭಾವವಿರುವದರಿಂದ, ಸಿಮೆಂಟಿನ ಕೆಲಸಕ್ಕೆ ಉಣಿಸುವ ನೀರನ್ನು ಮುಂಚೆಯೇ ಲೆಕ್ಕ ಹಾಕಿಡಬೇಕು. ಗಿಡ ನೆಡುವದು ಮಳೆ ಹಿಡಿದ ಬಳಿಕ.

ಬಚ್ಚಲ ನೀರನ್ನು ಕಲ್ಲು-ಮರಳು ತುಂಬಿದ ಗುಂಡಿಯೊಂದರಲ್ಲಿ ಸೋಸಿ, ಗೋಡೆಯಿಂದ ೧೦-೧೨ ಅಡಿ ಆಚೆಗೆ ಬಾಳೆ, ನುಗ್ಗೆ, ಕರಿಬೇವುಗಳ ಬುಡಕ್ಕೆ ಬಿಡಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದು ಸಲ್ಲದು. ತಿಪ್ಪೆಯೂ ಪಾಯಖಾನೆಯ ಗುಂಡಿಯೂ ಬಾವಿಯಿಂದ ಕನಿಷ್ಠ ೫೦ ಅಡಿ ದೂರದಲ್ಲಿ, ಇಳುಕಲಿನ ಕಡೆಗಿರತಕ್ಕದ್ದು. ಕೊಟ್ಟಿಗೆಯು ಭದ್ರವಾಗಿಯೂ ಶುಚಿಯಾಗಿಯೂ ಇರಬೇಕೆಂದು ಕೃಷಿಪರಾಶರವೆಂಬ ಸಂಸ್ಕೃತ ಗ್ರಂಥವೂ ವಿಧಿಸಿದೆ. ಗಂಜಲವು ತಿಪ್ಪೆಗೆ ಹರಿಯುವಂತೆ ನೆಲಕ್ಕೆ ಇಳುಕಲು ಕೊಟ್ಟರೆ ಶುಚಿತ್ವವೂ ಗೊಬ್ಬರವೂ ಕೂಡಿಯೇ ಲಭಿಸುವವು.

ಈ ನಕ್ಷೆಯನ್ನು ಬರೆಯುವಾಗ ಗಂಡಸರಷ್ಟೇ ಕೂಡಿ ನಿಶ್ಚಯಿಸುವದು ತರವಲ್ಲ. ಬಾವಿಯಿಂದ ಅಡಿಗೆಮನೆಗೆ ದಿನಕ್ಕೆಷ್ಟು ಕೊಡ ಹೊರಬೇಕು, ಹೊಗೆಯು ಎತ್ತ ತಿರುಗುವದು ಎಂಬುದು ಗೃಹಿಣಿಗೇ ಗೊತ್ತು. ಒಂದು ಬೆಳಕಿಂಡಿ, ಒಂದು ನಳಿಗೆಯಿಂದ ಆಕೆಯ ಅರ್ಧ ದಣಿವು ತಪ್ಪಬಹುದು. ಅವಳ ಮಾತನ್ನು ಮೊದಲು ಕೇಳತಕ್ಕದ್ದು.

ಹಣದ ವಿಷಯದಲ್ಲಿಯೂ ಕ್ರಮ ಬೇಕು. ಬೀಜ, ಗೊಬ್ಬರ, ಮೇವುಗಳ ಹಣವನ್ನು ತೆಗೆದಿಟ್ಟ ಮೇಲೆ ಉಳಿದುದರಲ್ಲಿ ವರ್ಷಕ್ಕೊಂದೇ ಕೆಲಸ: ಮೊದಲ ವರ್ಷ ಮಾಳಿಗೆ ಮತ್ತು ಕಾಲುವೆ, ಎರಡನೆಯ ವರ್ಷ ಬಚ್ಚಲು ಮತ್ತು ಕೊಟ್ಟಿಗೆ, ಮೂರನೆಯ ವರ್ಷ ಅಡಿಗೆಮನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುವದು. ಬರಲಿರುವ ಬೆಳೆಯನ್ನು ನಂಬಿ ಸಾಲ ಮಾಡಿ ಪಡಸಾಲೆಯನ್ನು ಶೃಂಗರಿಸಿದರೆ, ಮಳೆ ತಪ್ಪಿದ ವರ್ಷ ಎತ್ತನ್ನಾಗಲಿ ಹೊಲವನ್ನಾಗಲಿ ಕಳೆದುಕೊಳ್ಳಬೇಕಾದೀತು. ತಲಬಾಗಿಲಿನ ಬಣ್ಣವು ನಾಲ್ಕನೆಯ ವರ್ಷದವರೆಗೆ ಕಾಯಬಲ್ಲದು. ಗೋಡೆಯ ಬುಡದ ನೀರು ಕಾಯಲಾರದು.