ಎರಡು ಸೆಂಟಿಮೀಟರ್, ಮೂರು ಸೆಂಟಿಮೀಟರ್: ಕಿಡ್ನಿ ರಕ್ತನಾಳದ ಉಬ್ಬಿನ ಲೆಕ್ಕ

ಅಪಧಮನಿಯ ಗೋಡೆ ಸೋತು ಬಲೂನಿನಂತೆ ಉಬ್ಬಿದರೆ ಅದು ಅನ್ಯೂರಿಸಂ. ಕಿಡ್ನಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿನ ಇಂಥ ಉಬ್ಬಿಗೆ ಅಮೆರಿಕದಲ್ಲಿ 1988ರಲ್ಲಿ ಪ್ರತಿ 1 ಕೋಟಿ ಜನರಿಗೆ 8.4 ಚಿಕಿತ್ಸೆಗಳು ನಡೆದಿದ್ದವು. 2011ರಲ್ಲಿ ಅದು 13.8, ಏರಿಕೆ ಶೇ 64. ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ತೂರಿಸಿ ಮಾಡುವ ಚಿಕಿತ್ಸೆ ಸೊನ್ನೆಯಿಂದ 6.4ಕ್ಕೆ ಬಂತು. ಆದರೆ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಇಳಿಯಲಿಲ್ಲ: 5.5 ಇದ್ದದ್ದು 7.4 ಆಯಿತು. ಹೊಸ ವಿಧಾನ ಹಳೆಯದರ ಜಾಗಕ್ಕೆ ಬರಲಿಲ್ಲ, ಅದರ ಮೇಲೆ ಸೇರಿಕೊಂಡಿತು.

ಕೊಳವೆ ವಿಧಾನದಲ್ಲಿ ಆಸ್ಪತ್ರೆವಾಸ ಸರಾಸರಿ 4.6 ದಿನ, ತೆರೆದ ವಿಧಾನದಲ್ಲಿ 6. ಸಾವು ಕ್ರಮವಾಗಿ ಶೇ 1.8 ಮತ್ತು ಶೇ 0.9. ಕೊಳವೆ ವಿಧಾನಕ್ಕೆ ಬಂದವರಲ್ಲಿ ಹೃದ್ರೋಗಿಗಳು ಹೆಚ್ಚಿದ್ದರು. ಇಂಥ ಅಂಶಗಳನ್ನು ಲೆಕ್ಕಕ್ಕೆ ಹಿಡಿದರೆ ಸಾವಿನ ಈ ವ್ಯತ್ಯಾಸ ಖಚಿತವೆಂದು ಹೇಳಲಾಗದು. ಕಿಡ್ನಿಯನ್ನೇ ತೆಗೆದವರಲ್ಲಿ ಸಾವು ಶೇ 5.4.

ಇಷ್ಟೆಲ್ಲ ಚಿಕಿತ್ಸೆ ಬೇಕಿತ್ತೇ? ಅಮೆರಿಕದ 16 ಸಂಸ್ಥೆಗಳ 760 ರೋಗಿಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಶೇ 75ರಷ್ಟು ಉಬ್ಬುಗಳಿಗೆ ಲಕ್ಷಣವೇ ಇರಲಿಲ್ಲ. ಒಡೆದದ್ದು ಮೂವರಲ್ಲಿ, ಮೂವರೂ ಉಳಿದರು. ಚಿಕಿತ್ಸೆಯಿಲ್ಲದೆ ಸರಾಸರಿ 49 ತಿಂಗಳು ನಿಗಾದಲ್ಲಿದ್ದ 547 ಮಂದಿಯಲ್ಲಿ ಒಬ್ಬರಿಗೂ ತುರ್ತು ತೊಂದರೆ ಬರಲಿಲ್ಲ. ಶಸ್ತ್ರಚಿಕಿತ್ಸೆಯಾದ 213 ಮಂದಿಯಲ್ಲಿ ಶೇ 10ರಷ್ಟು ಜನರಿಗೆ ಗಂಭೀರ ತೊಡಕಾಯಿತು. ಉಬ್ಬು ಬೆಳೆದದ್ದು ವರ್ಷಕ್ಕೆ 0.86 ಮಿಲಿಮೀಟರ್. ಆ ವೇಗದಲ್ಲಿ 15 ಮಿ.ಮೀ. ಉಬ್ಬು 30 ಮಿ.ಮೀ. ಆಗಲು 17 ವರ್ಷ ಬೇಕು. ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘವು 2020ರ ಮಾರ್ಗಸೂಚಿಯಲ್ಲಿ, ಲಕ್ಷಣವಿಲ್ಲದವರ ಚಿಕಿತ್ಸೆಯ ಗಡಿಯನ್ನು 3 ಸೆಂ.ಮೀ.ಗೆ ಇಟ್ಟಿತು, ಅದಕ್ಕೆ ಮುಂಚೆ ರೂಢಿಯಲ್ಲಿದ್ದದ್ದು 2 ಸೆಂ.ಮೀ.

ಕಾದರೆ ಖರ್ಚು ಏರುತ್ತದೆ, ಇದನ್ನು ಮುಚ್ಚಿಡಬಾರದು. ಕೊಳವೆ ವಿಧಾನದಲ್ಲಿ ಉಬ್ಬಿನೊಳಗೆ ತುಂಬುವ ಕಾಯಿಲ್ ಎಂದರೆ ಕೂದಲೆಳೆಯಂಥ ಪ್ಲಾಟಿನಂ ತಂತಿಯನ್ನು ಸುತ್ತಿ ಮಾಡಿದ ಸುರುಳಿ. ಒಂದು ಬಗೆಯ ಸುರುಳಿಯ ದಪ್ಪ ಸುಮಾರು 0.46 ಮಿ.ಮೀ. ವೈದ್ಯರು ಎಕ್ಸ್‌ರೇ ಪರದೆ ನೋಡುತ್ತ ಅದನ್ನು ಕೊಳವೆಯಿಂದ ತುಸುತುಸುವೇ ತಳ್ಳುತ್ತಾರೆ. ಒಳಗೆ ಅದು ದಾರದುಂಡೆಯಂತೆ ಸುತ್ತಿಕೊಳ್ಳುತ್ತದೆ. ಉಬ್ಬು ದುಂಡಗಿದೆ, ಅದರ ಗಾತ್ರದ ಶೇ 24ರಷ್ಟು ತುಂಬಬೇಕು ಎಂದಿಟ್ಟುಕೊಂಡರೆ 2 ಸೆಂ.ಮೀ. ಉಬ್ಬಿಗೆ ಸುಮಾರು 6 ಮೀಟರ್ ಕಾಯಿಲ್ ಸಾಕು, 3 ಸೆಂ.ಮೀ. ಉಬ್ಬಿಗೆ 20 ಮೀಟರ್ ಬೇಕು. ಅಡ್ಡಳತೆ ಒಂದೂವರೆ ಪಟ್ಟು, ತಂತಿ ಮೂರು ಪಟ್ಟಿಗೂ ಮಿಕ್ಕಿ. 30 ಸೆಂ.ಮೀ. ಉದ್ದದ ತುಂಡುಗಳಾದರೆ ಸುಮಾರು 20ರ ಬದಲು ಸುಮಾರು 68. ಆದರೂ ಮೇಲಿನ 547 ಮಂದಿಯ ಲೆಕ್ಕ ಕಂಡ ಮೇಲೆ, ತಂತಿ ಉಳಿಸಲೆಂದು 2 ಸೆಂ.ಮೀ.ಗೇ ಕೈಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮುಂದೆ ಗರ್ಭಿಣಿಯಾಗಬಹುದಾದ ಹೆಣ್ಣುಮಕ್ಕಳಿಗೆ ಈ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಬಸಿರಿನಲ್ಲಿ ಉಬ್ಬು ಒಡೆದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಹಾಗಾಗಿ ಅದೇ ಮಾರ್ಗಸೂಚಿ ಅವರಿಗೆ ಗಡಿಯನ್ನೇ ಇಟ್ಟಿಲ್ಲ: ಉಬ್ಬು 12 ಮಿ.ಮೀ. ಇದ್ದರೂ ಚಿಕಿತ್ಸೆ.